ಹಗುರನೆಲದ ಮೆಣಸಿನ ಸಸಿ

ಕರಿ ಹಾಳೆ ಸರಿಸಿ, ಮೇಲಿನ ಟ್ರೇ ಎತ್ತಿ ನೋಡಿದ ದಾಕ್ಷಾಯಣಿ ಅದನ್ನು ಹಾಗೆಯೇ ನೆಲಕ್ಕೆ ಎಸೆದಳು. ಎಸೆದರೂ ಸಮಾಧಾನವಾಗಲಿಲ್ಲ, ಯಾಕೆಂದರೆ ಟ್ರೇ ನೆಟ್ಟಗೆ ಬೀಳಲೂ ಇಲ್ಲ. ಪುರುಸೊತ್ತಾದಾಗ ಬಿದ್ದೇನು ಎಂಬ ಹಾಗೆ ನಿಧಾನಕ್ಕೆ ಇಳಿದು, ಒಂದು ಮಗ್ಗುಲು ತಾಗಿಸಿ, ಮತ್ತೆ ಮೇಲೆದ್ದು, ಕೊನೆಗೆ ಅವಳ ಕಾಲ ಬುಡಕ್ಕೇ ಬಂದು ಕೂತಿತು. ಸಿಟ್ಟು ಬಂದಾಗ ಕೈಗೆ ಸಿಕ್ಕ ಸಾಮಾನು ಎತ್ತಿ ಕುಕ್ಕುವ ಸುಖವೊಂದಿತ್ತಲ್ಲ, ಅದನ್ನೂ ಈ ಹಗುರನೆಲ ಕಿತ್ತುಕೊಂಡಿತ್ತು.

ಟ್ರೇಯ ಗುಣಿಗಳಲ್ಲಿ ಮೆಣಸಿನ ಬೀಜ ಮೊಳೆತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಬೇರು ಮೇಲೆ ಬಂದು ಗಾಳಿಯಲ್ಲಿ ತಡಕಾಡುತ್ತಿತ್ತು, ಕುಡಿ ತೆಂಗಿನನಾರಿನ ಪುಡಿಯೊಳಗೆ ಮುಖ ಹುದುಗಿಸಿಕೊಂಡಿತ್ತು. ಕೆಲವು ಮೇಲೂ ಹೋಗದೆ ಕೆಳಗೂ ಹೋಗದೆ ತಮ್ಮ ಸುತ್ತ ತಾವೇ ಸುತ್ತಿಕೊಂಡು ಜಿಲೇಬಿಯಾಗಿದ್ದವು. ಹೀಗಾದದ್ದು ಇದು ಮೂರನೆಯ ಸಲ.

ದಾಕ್ಷಾಯಣಿಯದು ಊರ ಹೊರಗಿನ ರಸ್ತೆಯಲ್ಲಿ ಸಸಿಮನೆ. ಕೃಷಿ ಕಾಲೇಜಿನಲ್ಲಿ ಓದಿ, ನೌಕರಿ ಬೇಡವೆಂದು ತಾನೇ ಕಟ್ಟಿಕೊಂಡದ್ದು. ಸುತ್ತಲಿನ ಹಳ್ಳಿಗಳ ಮೆಣಸಿನಕಾಯಿ ಹೊಲಗಳಿಗೆಲ್ಲ ಇಲ್ಲಿಂದಲೇ ಸಸಿ ಹೋಗುತ್ತಿತ್ತು. ಆರಿದ್ರಾ ಮಳೆ ಬೀಳುವ ಹೊತ್ತಿಗೆ ಸಸಿ ಕೈಗೆ ಕೊಡಬೇಕು. ಒಂದು ವರ್ಷ ಕೊಡದಿದ್ದರೆ ಬೆಳೆಗಾರರು ಬೇರೆಯವರ ಹತ್ತಿರ ಹೋಗುತ್ತಾರೆ, ಹೋದವರು ಮರಳಿ ಬರುವುದಿಲ್ಲ. ಮುಂಗಡವಾಗಿ ಹೇಳಿಹೋಗಿದ್ದ ಹನುಮಂತಗೌಡರು ಆಗಲೇ ಎರಡು ಸಲ ಬಂದು, ಟ್ರೇ ನೋಡಿ, ಏನೂ ಮಾತಾಡದೆ ಹೋಗಿದ್ದರು. ಮಾತಾಡಿದ್ದರೆ ಒಳ್ಳೆಯದಿತ್ತು. ಇನ್ನೊಂದು ಸಲ ಬಿತ್ತಲು ಮಾತ್ರ ಸಮಯವಿತ್ತು. ಅದೂ ಕೆಟ್ಟರೆ ಸಸಿಮನೆಗೆ ಬೀಗವೇ ಗತಿ.

ಇದಕ್ಕೆಲ್ಲ ಮೂಲ ಪಕ್ಕದ ಗೋದಾಮು. ಯುಗಾದಿಗೆ ಗೋದಾಮಿನ ಕಂಪನಿಯವರು ಅಲ್ಲಿ ಹಗುರನೆಲ ಹಾಸಿದರು. ನೋಡಲು ಕಪ್ಪು ಬಿಲ್ಲೆಗಳು, ಅಷ್ಟೇ. ಬಿಲ್ಲೆಯ ಅಡಿಯಲ್ಲಿ ಕೊರೆಯುವಷ್ಟು ತಣ್ಣಗಿನ ಉಂಗುರಗಳು ಗಿರಗಿರ ತಿರುಗುತ್ತವಂತೆ. ಬಿಸಿಲಿಗೆ ಕೊಡೆ ಹಿಡಿದ ಹಾಗೆ ಅವು ಭೂಮಿಯ ಸೆಳೆತಕ್ಕೆ ಅಡ್ಡ ಹಿಡಿಯುತ್ತವಂತೆ. ನೂರು ಕಿಲೋ ಚೀಲ ಹತ್ತು ಕಿಲೋ ತೂಗುತ್ತದೆ. ಕೊಡೆಯ ನೆರಳು ಕೊಡೆಯ ಅಂಚಿಗೇ ನಿಲ್ಲುವುದಿಲ್ಲವಲ್ಲ, ಇದೂ ಹಾಗೆಯೇ ಗೋಡೆ ದಾಟಿ ಸುತ್ತಲಿನ ಮನೆಗಳಿಗೂ ಹರಡಿತು. ದಾಕ್ಷಾಯಣಿಯ ಮೊಳಕೆಕೋಣೆ ಗೋದಾಮಿನ ಗೋಡೆಗೇ ಅಂಟಿಕೊಂಡಿತ್ತು, ಅಲ್ಲಿ ತೂಕ ಹತ್ತರಲ್ಲಿ ಒಂದು. ಮನೆ ಅಂಗಳಕ್ಕೆ ಬಂದರೆ ಮೂರರಲ್ಲಿ ಒಂದು. ಎಲ್ಲಿಂದ ಪೂರ್ತಿ ತೂಕ ಶುರುವೋ ಅಲ್ಲಿ ಜನ ಮುಗ್ಗರಿಸಬಾರದೆಂದು ಕಂಪನಿಯವರು ಹಳದಿ ಗೆರೆ ಎಳೆದಿದ್ದರು. ಗೆರೆಯಾಚೆ ರಸ್ತೆಯವರೆಗೆ ಅವಳಿಗೆ ಉಳಿದದ್ದು ನೆರಳಿಲ್ಲದ ಒಂದು ಪಟ್ಟಿ ಜಾಗ. ಎರಡನೆಯ ಸಲದ ಬೀಜವನ್ನು ಅಲ್ಲಿಟ್ಟೂ ನೋಡಿದ್ದಳು. ಮೇ ತಿಂಗಳ ಬಿಸಿಲಿಗೆ ಕರಿ ಹಾಳೆಯೊಳಗೆ ಅರ್ಧ ಬೀಜ ಬೆಂದುಹೋದವು, ಉಳಿದರ್ಧವನ್ನು ವಾಪಸ್ಸು ತಂದರೆ ಅವೂ ಜಿಲೇಬಿಯಾದವು.

ಗೆರೆಯೊಳಗಿನ ಪ್ರತಿ ಮನೆಯ ಒಪ್ಪಿಗೆ ಬೇಕೆಂದು ಕಾನೂನಿತ್ತು. ಒಂದೇ ಒಂದು ಮನೆಯವರು ಒಲ್ಲೆ ಎಂದರೂ ಸಾಕು, ನೆಲ ಬಂದ್. ಯುಗಾದಿಯಲ್ಲಿ ಎಲ್ಲರಿಗಿಂತ ಮೊದಲು ಹೂಂ ಎಂದವಳು ದಾಕ್ಷಾಯಣಿಯೇ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೇ ರೇಗುತ್ತಿತ್ತು. ಆರಿದ್ರಾ ಮಳೆಯ ಹೊತ್ತಿಗೆ ಒಪ್ಪಿಗೆ ಕೇಳಲು ಕಂಪನಿಯವರು ಮತ್ತೆ ಬರುವವರಿದ್ದರು.

*

ಕೆಟ್ಟ ಟ್ರೇಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಗೋದಾಮಿಗೆ ಹೋದಳು. ಮೂಲೆಯಲ್ಲಿ ಗಾಜಿನ ಕೋಣೆ, ಒಳಗೆ ಪರದೆಗಳು. ಅವುಗಳ ಮುಂದೆ ಲವಿನಾ ಪಾಯ್ಸ್ ಕೂತಿದ್ದಳು. ಮಂಗಳೂರು ಕಡೆಯ ಹುಡುಗಿ, ಹಗುರನೆಲ ನೋಡಿಕೊಳ್ಳುವ ಇಂಜಿನಿಯರು. ಮಲಗುವುದೂ ಅಲ್ಲೇ ಮಾಳಿಗೆಯಲ್ಲಿ.

"ಅಕ್ಕ, ಪುನಃ ಆಯ್ತಾ?" ಎಂದಳು, ಟ್ರೇ ನೋಡುವ ಮೊದಲೇ.

"ಆತು. ನೋಡ್ರಿ. ಕಣ್ತುಂಬ ನೋಡ್ರಿ."

ಲವಿನಾ ಎದ್ದು ಕಿಟಕಿಯ ಹತ್ತಿರದ ಗಾಜಿನ ತಟ್ಟೆ ತಂದಳು. ಅದರಲ್ಲಿ ದಾಕ್ಷಾಯಣಿಯೇ ಕೊಟ್ಟ ಬೀಜ, ಒದ್ದೆ ಕಾಗದದ ಮೇಲೆ ಮೊಳೆತಿತ್ತು. ಒಂದೊಂದು ಕುಡಿಯೂ ಸಾಲಾಗಿ, ಅಚ್ಚುಕಟ್ಟಾಗಿ, ಒಂದೇ ಕಡೆ ಮುಖ ಮಾಡಿ ನಿಂತಿತ್ತು.

"ನಿಮ್ಮದೇ ಬೀಜ, ನಮ್ಮದೇ ನೆಲ. ಇಲ್ಲಿಯೂ ನಿಮ್ಮ ಕೋಣೆಯಷ್ಟೇ ತೂಕ. ಹಾಗಾದ್ರೆ ತಪ್ಪು ನೆಲದ್ದು ಹೇಗೆ ಆಗ್ತದೆ ಮಾರಾಯ್ರೆ?"

"ಮತ್ತ ನನ್ನ ಕೈಯಂದೇನು ತಪ್ಪು? ಹನ್ನೆರಡು ವರ್ಷದಿಂದ ಇದೇ ಕೈಲೇ ಬಿತ್ತೀನಿ."

"ನಾನು ಹಾಗೆ ಹೇಳ್ಲಿಲ್ಲ."

"ಹೇಳಿದ್ರಿ. ಬಾಯಿಲೆ ಹೇಳ್ಲಿಲ್ಲ ಅಷ್ಟ."

ಲವಿನಾ ಪರದೆಯ ಮೇಲೆ ಬಿಲ್ಲೆಗಳ ನಕ್ಷೆ ತೋರಿಸಿದಳು. ಹಮಾಲರು ಚೀಲ ಹೊತ್ತು ಅತ್ತಿತ್ತ ಹೋದ ಹಾಗೆ ಒಂದು ಬಿಲ್ಲೆ ಜೋರಾಗುತ್ತಿತ್ತು, ಪಕ್ಕದ್ದು ಮೆತ್ತಗಾಗುತ್ತಿತ್ತು. ಇಡೀ ದಿನ ಹೀಗೆ ಸರಿದೂಗಿಸುತ್ತಿರುತ್ತದೆ, ಅದರಿಂದ ಉಳಿದಿರುವ ಚೂರು ಸೆಳೆತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತದೆ, ಆದರೆ ಮನುಷ್ಯರಿಗೆ ಗೊತ್ತೇ ಆಗದಷ್ಟು ಸಣ್ಣದು ಎಂದಳು. ಮನುಷ್ಯರಿಗೆ ಗೊತ್ತಾಗದಿದ್ದರೆ ಮೆಣಸಿನಕಾಯಿಗೂ ಗೊತ್ತಾಗಬಾರದು ಎಂದು ಯಾರು ಹೇಳಿದರು ಎಂದು ದಾಕ್ಷಾಯಣಿ ಕೇಳಿದಳು. ಲವಿನಾ ಗಾಜಿನ ತಟ್ಟೆಯನ್ನೇ ಮತ್ತೆ ಅವಳ ಮುಂದಕ್ಕೆ ಸರಿಸಿದಳು. ಆ ತಟ್ಟೆ ನೋಡಿದರೆ ದಾಕ್ಷಾಯಣಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಾಗಿಲ ಹತ್ತಿರ ಮಾಬುಸಾಬ ಕಾದಿದ್ದ. ಹಮಾಲರ ಹಿರಿಯ, ಉಳಿದ ಹಮಾಲರ ಜೊತೆ ಗೋದಾಮಿನಲ್ಲೇ ಮಲಗುವವನು. ವರ್ಷಗಟ್ಟಲೆ ಚೀಲ ಹೊತ್ತು ಬೆನ್ನು ಬಾಗಿ, ನಡೆಯುವಾಗ ನೆಲ ನೋಡಿಕೊಂಡೇ ನಡೆಯುತ್ತಿದ್ದವನು ಈಗ ಎದೆಯೆತ್ತಿ ನಿಂತಿದ್ದ.

"ಅಕ್ಕಾರ, ಒಲ್ಲೆ ಅನಬ್ಯಾಡ್ರಿ," ಎಂದ. "ನಿಮ್ಮ ಸಂಕಟ ನನಗ ತಿಳೀತೈತಿ. ಆದ್ರ ಈ ನೆಲ ಬಂದಮ್ಯಾಲೆ ನಾ ರಾತ್ರಿ ಮಗ್ಗಲಾ ಹೊಳ್ಳಿ ಮಲಗೀನಿ."

ಇಂಥ ಮಾತಿಗೆ ಏನು ಹೇಳಬೇಕು? ಬೈಯುವ ಹಾಗಿಲ್ಲ, ಒಪ್ಪುವ ಹಾಗಿಲ್ಲ. ಅವಳು ಟ್ರೇ ಇರುಕಿಕೊಂಡು ಸೀದಾ ಮನೆಗೆ ಬಂದಳು.

*

ಮನೆಯಲ್ಲಿ ಇನ್ನೊಂದು ಸಂತೆ. ಅಂಗಳದ ತುಂಬ ಮೊಣಕಾಲು ನೋವಿನ ಮುದುಕಿಯರು. ಗೆರೆ ದಾಟಿ ಒಳಗೆ ಬಂದರೆ ನೋವು ಕಡಿಮೆ ಎಂದು ಗೊತ್ತಾದದ್ದೇ ತಡ, ಎಲೆಯಡಿಕೆ ಚೀಲ ಹಿಡಿದು ಬೆಳಿಗ್ಗೆಯೇ ಬಂದುಬಿಡುತ್ತಿದ್ದರು. ಅವರ ನಡುವೆ ದಾಕ್ಷಾಯಣಿಯ ಅತ್ತೆ ಫಕೀರವ್ವ, ಹೊಸ ಮದುವಣಗಿತ್ತಿಯ ಉಮೇದಿನಲ್ಲಿ ಓಡಾಡುತ್ತಿದ್ದಳು. ಹೋದ ವರ್ಷ ಇದೇ ಹೆಂಗಸು ಬಚ್ಚಲಿಗೆ ಹೋಗಬೇಕಾದರೆ ಸೊಸೆಯ ಹೆಗಲು ಹಿಡಿದು, ಒಂದೊಂದು ಹೆಜ್ಜೆಗೂ ಯವ್ವಾ ಎನ್ನುತ್ತಿತ್ತು. ಈಗ ಒಂದು ಜಿಗಿತಕ್ಕೆ ಕಟ್ಟೆ, ಇನ್ನೊಂದು ಜಿಗಿತಕ್ಕೆ ಹಿತ್ತಲು.

ಅಡುಗೆಮನೆಯ ಕಥೆ ಕೇಳುವುದೇ ಬೇಡ. ತಟ್ಟಿದ ರೊಟ್ಟಿ ಹಂಚಿನ ಮೇಲೆ ಕೂರುವುದಿಲ್ಲ. ಹಾಲು ಉಕ್ಕಿದರೆ ಪಾತ್ರೆಯ ಮೇಲೆ ಗೋಪುರ ಕಟ್ಟಿಕೊಂಡು ನಿಲ್ಲುತ್ತದೆ. ಅಕ್ಕಿ ಗಾಳಿಸಿದರೆ ಕಲ್ಲು ತಳಕ್ಕಿಳಿಯದೆ ಅಕ್ಕಿಯ ಜೊತೆಗೇ ತೇಲಿ ಬರುತ್ತದೆ. ದಾಕ್ಷಾಯಣಿಯ ಗಂಡ ಕೊಟ್ರೇಶಿ ಎರಡು ಸಲ ಹಲ್ಲು ಕಡಿದುಕೊಂಡಿದ್ದ. ಸಸಿ ಸಾಗಿಸುವ ಟೆಂಪೊ ಅವನದು. ಜಗಳದಲ್ಲಿ ಅವನು ಯಾವಾಗಲೂ ಎಲ್ಲರ ಪಕ್ಷ.

"ನೆಲ ಬಂದ್ ಮಾಡಸ್ತೀನಿ," ಎಂದಳು ದಾಕ್ಷಾಯಣಿ, ಊಟಕ್ಕೆ ಕೂತಾಗ.

"ಮಾಡಸು," ಎಂದ ಕೊಟ್ರೇಶಿ. ತಾಯಿಯ ಮುಖ ನೋಡಿ, "ಆದ್ರ ವಿಚಾರ ಮಾಡು," ಎಂದ.

ಫಕೀರವ್ವ ತಟ್ಟೆ ಸರಿಸಿದಳು. "ಮಾಡಸವಾ. ನಿನ್ನ ಸಸಿ ದೊಡ್ಡದು. ನಾ ಏನು, ಇವತ್ತು ಇರತೀನಿ ನಾಳೆ ಹೋಗತೀನಿ. ಬಚ್ಚಲಕ್ಕ ಹೋಗೂವಾಗ ನಿನ್ನ ಹೆಗಲಾ ಕೊಡು, ಮುಗೀತು."

ಹೀಗೆ ಅಂದಮೇಲೆ ಯಾವ ಸೊಸೆ ನೆಲ ಬಂದ್ ಮಾಡಿಸುತ್ತಾಳೆ? ದಾಕ್ಷಾಯಣಿ ನೀರು ಕುಡಿಯಲು ಲೋಟ ಎತ್ತಿದಳು. ನೀರು ಬಾಯಿಗೆ ಬರಲು ತನ್ನ ಸಮಯ ತೆಗೆದುಕೊಂಡಿತು.

*

ಮರುದಿನ ಕೊನೆಯ ಸಲದ ಬೀಜ ಬಿತ್ತಿದಳು. ಸಸಿಮನೆಯವರೆಲ್ಲ ಮಾಡುವ ರೀತಿಯಲ್ಲೇ ಮಾಡಿದಳು: ಗುಣಿಗೊಂದು ಬೀಜ, ಮೇಲೆ ತೆಳ್ಳಗೆ ನಾರಿನ ಪುಡಿ, ನೀರು ಚಿಮುಕಿಸಿ, ಟ್ರೇಯ ಮೇಲೆ ಟ್ರೇ ಪೇರಿಸಿ, ಇಡೀ ಒಟ್ಟಿಲಿಗೆ ಕರಿ ಹಾಳೆ ಬಿಗಿಯಾಗಿ ಹೊದಿಸಿ ಕತ್ತಲೆ ಮಾಡುವುದು. ಬೆಚ್ಚಗೆ ಕತ್ತಲಲ್ಲಿ ಬೀಜ ಬೇಗ ಕಣ್ಣು ಬಿಡುತ್ತದೆ. ಮೊಳಕೆ ಕಾಣಿಸಿದ ಮೇಲೆ ಬಿಚ್ಚಿ ಹರಡುವುದು. ಇದರಲ್ಲಿ ವಿಚಾರ ಮಾಡುವಂಥದ್ದೇನೂ ಇರಲಿಲ್ಲ, ಅದಕ್ಕೇ ಅವಳು ವಿಚಾರ ಮಾಡಿರಲಿಲ್ಲ.

ಆಮೇಲೆ ಗೊಬ್ಬರ ತರಲು ಗಂಡನ ಜೊತೆ ಪೇಟೆಗೆ ಹೋಗಿ, ಅಲ್ಲಿಂದ ತವರಿನಲ್ಲೊಂದು ಮದುವೆ ಮುಗಿಸಿಕೊಂಡು, ಎಂಟುಹತ್ತು ದಿನ ಬಿಟ್ಟು ಬಂದಳು. ಬಂದು ನೋಡಿದರೆ ಅಂಗಳದಲ್ಲಿ ಅವಳ ಕರಿ ಹಾಳೆ ಅಗಲವಾಗಿ ಹಾಸಿತ್ತು. ಅದರ ಮೇಲೆ ಸಾಲುಸಾಲು ಸಂಡಿಗೆ. ಮುದುಕಿಯರೆಲ್ಲ ಸುತ್ತ ಕೂತು ಕಾಗೆ ಕಾಯುತ್ತಿದ್ದರು.

"ಅತ್ತೀ," ಎಂದಳು ದಾಕ್ಷಾಯಣಿ. ಹಾಳೆಯ ಅಂಚು ಎತ್ತಿ ನೋಡಿದಳು. "ಈ ಹಾಳಿ ಎಲ್ಲಿಂದ ತಂದ್ರಿ?"

"ನಿನ್ನ ಕ್ವಾಣ್ಯಾಗಿಂದು. ಕರೇ ಹಾಳಿ ಮ್ಯಾಲೆ ಹಾಕಿದ್ರ ಬಿಸಲು ಛಲೋ ಹಿಡೀತೈತಿ. ಹಗರು ಸಂಡಗಿ ಹೆಂಗ ಉಬ್ಯಾವು ನೋಡು."

"ಅದರ ಬುಡಕ ಟ್ರೇ ಇದ್ದುವಲ್ಲರಿ."

"ಇದ್ದುವು. ಅವುನ್ನ ಇಟ್ಟಿದ್ದ ಹಲಗಿನೂ ಬೇಕಾಗಿತ್ತು, ಕಾಗಿ ಓಡಸಾಕ ಕೂಡಾಕ. ಎಲ್ಲಾ ಟ್ರೇ ನಾನ ಒಂದೊಂದ ಎತ್ತಿ ನೆಲದ ಮ್ಯಾಲೆ ಹರವೀನಿ. ಒಂದೂ ಕೆಡವಿಲ್ಲ. ನೀ ಹೋದ ದಿನಾನ. ನೀರೂ ದಿನಾ ಚಿಮಕಸೀನಿ."

ಕೊನೆಯ ಬೀಜ. ಸಂಡಿಗೆಗೋಸ್ಕರ. ದಾಕ್ಷಾಯಣಿ ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಮುದುಕಿಯರು ಒಬ್ಬೊಬ್ಬರಾಗಿ ಎಲೆಯಡಿಕೆ ಚೀಲ ಎತ್ತಿಕೊಂಡು ಗೆರೆ ದಾಟಿದರು. ಫಕೀರವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನನಗೇನು ಗೊತ್ತವಾ, ಎತ್ತಾಕ ಬಂತು, ಎತ್ತಿದೆ," ಎಂದಳು. ಎಷ್ಟೋ ವರ್ಷಗಳ ಮೇಲೆ ತನ್ನ ಕೈಯಿಂದ ಒಂದು ಸಾಮಾನು ಎತ್ತಲು ಬಂದಿತ್ತು, ಎತ್ತಿದ್ದಳು. ಅದು ತಿಳಿದು ದಾಕ್ಷಾಯಣಿಗೆ ಇನ್ನೂ ಸಂಕಟವಾಯಿತು.

ಕೆಟ್ಟದ್ದನ್ನು ಬಳಿದು ಚೆಲ್ಲೋಣವೆಂದು ಕೋಣೆಗೆ ಹೋದಳು. ಬಾಗಿಲಲ್ಲೇ ನಿಂತುಬಿಟ್ಟಳು.

ಟ್ರೇಗಳು ನೆಲದ ತುಂಬ ಹರಡಿದ್ದವು. ಸೂರಿನ ಪಾರದರ್ಶಕ ತಗಡಿನಿಂದ ಬೆಳಕು ಸುರಿಯುತ್ತಿತ್ತು. ಪ್ರತಿ ಗುಣಿಯಲ್ಲೂ ಒಂದೊಂದು ಮೆಣಸಿನ ಸಸಿ, ಎರಡೆರಡು ಎಲೆ ಬಿಚ್ಚಿ, ನೆಟ್ಟಗೆ ಮೇಲೆ ನೋಡುತ್ತ ನಿಂತಿತ್ತು.

*

"ಬೆಳಕು," ಎಂದಳು ಲವಿನಾ. ಗಾಜಿನ ತಟ್ಟೆಯನ್ನು ಒಮ್ಮೆ ನೋಡಿ, ಕಿಟಕಿಯನ್ನು ಒಮ್ಮೆ ನೋಡಿ ಹಣೆ ಚಚ್ಚಿಕೊಂಡಳು. "ನಾನು ತಟ್ಟೆಯನ್ನು ಕಿಟಕಿ ಹತ್ತಿರ ಇಟ್ಟಿದ್ದೆ. ಎಲ್ಲ ಕಿಟಕಿ ಕಡೆಗೇ ನೋಡ್ತಿದ್ದವು. ನೆಟ್ಟಗಿದೆ ಅಂತ ಅಷ್ಟೇ ನೋಡಿದ್ದು ನಾನು, ಎತ್ತ ಕಡೆಗೆ ಅಂತ ನೋಡ್ಲೇ ಇಲ್ಲ."

"ನಾ ಕಾಲೇಜಿನ್ಯಾಗ ಪರೀಕ್ಷಾದಾಗ ಬರೆದಿದ್ದೆ ಇದನ್ನ," ಎಂದಳು ದಾಕ್ಷಾಯಣಿ. ಅದು ಇನ್ನೂ ದೊಡ್ಡ ಅವಮಾನ. ಬೇರಿನ ತುದಿಯ ಜೀವಕೋಶಗಳಲ್ಲಿ ಹಿಟ್ಟಿನ ಸಣ್ಣ ಸಣ್ಣ ಕಾಳುಗಳಿರುತ್ತವೆ. ಅವು ಭಾರಕ್ಕೆ ತಳಕ್ಕೆ ಕೂತರೆ ಬೇರಿಗೆ ಕೆಳಗೆ ಯಾವುದೆಂದು ತಿಳಿಯುತ್ತದೆ. ಅಕ್ಕಿಯಲ್ಲಿ ಕಲ್ಲೇ ತಳಕ್ಕೆ ಕೂರದ ಮನೆಯಲ್ಲಿ ಈ ಕಾಳುಗಳು ಕೂರುವುದುಂಟೇ? ದಿನಾ ಎರಡು ಹೊತ್ತು ಅಕ್ಕಿ ಗಾಳಿಸಿ ಬೈದುಕೊಂಡವಳಿಗೆ ಅದು ಹೊಳೆಯಬೇಕಿತ್ತು. ಕತ್ತಲಲ್ಲಿ ಸಸಿಗೆ ಇದ್ದ ಗುರುತು ಭಾರವೊಂದೇ. ಭಾರವನ್ನು ಗೋದಾಮಿನವರು ಕಿತ್ತುಕೊಂಡರು, ಬೆಳಕನ್ನು ಇವಳೇ ಕರಿ ಹಾಳೆ ಹೊದಿಸಿ ಕಿತ್ತುಕೊಂಡಿದ್ದಳು. ಎರಡೂ ಇಲ್ಲದೆ ಪಾಪ, ಅದು ಎಲ್ಲಿಗಂತ ಹೋಗಬೇಕು?

ಲವಿನಾ ಗೋದಾಮಿನಿಂದ ನೀಲಿ ದೀಪಗಳನ್ನು ತಂದು ಕೋಣೆಯ ಸೂರಿಗೆ ಕಟ್ಟಿಸಿದಳು. ಮೋಡ ಮುಚ್ಚಿದರೂ ಕೊರತೆಯಾಗಬಾರದು ಎಂದಳು. ಕುಡಿ ನೀಲಿ ಬೆಳಕನ್ನು ಹುಡುಕಿಕೊಂಡು ಮೇಲೆ ಹೋಗುತ್ತದೆ, ಬೇರು ಅದೇ ಬೆಳಕಿನಿಂದ ತಪ್ಪಿಸಿಕೊಂಡು ಕೆಳಗೆ ಓಡುತ್ತದೆ. ಸಸಿಗಳು ಬೆಳೆದವು. ಬೇರೆ ವರ್ಷಗಳಿಗಿಂತ ಬೇಗ ಬೆಳೆದವು, ಉದ್ದಕ್ಕೆ, ಚೆಂದಕ್ಕೆ. ದಾಕ್ಷಾಯಣಿ ಅತ್ತೆಗೆ ಹೊಸ ಹಾಳೆ ತಂದುಕೊಟ್ಟಳು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ, ಹಾಳೆ ಕೊಟ್ಟಳು. ಫಕೀರವ್ವನಿಗೆ ಅಷ್ಟು ಸಾಕಾಗಿತ್ತು. ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ಹನುಮಂತಗೌಡರು ಬಂದು ನೋಡಿ, ಎರಡು ಟ್ರೇ ಮೊದಲು ಕೊಡು, ನೆಟ್ಟು ನೋಡುತ್ತೇನೆ ಎಂದರು. ಟೆಂಪೊದಲ್ಲಿ ಸಸಿ ಇಟ್ಟುಕೊಂಡು ಗಂಡಹೆಂಡತಿ ಹೊರಟಾಗ ಫಕೀರವ್ವ ತಾನೂ ಬರುವೆನೆಂದು ಹಟ ಹಿಡಿದಳು. ಯುಗಾದಿಯಿಂದ ಗೆರೆ ದಾಟಿರಲಿಲ್ಲ, ಹೊಲ ನೋಡಿ ವರ್ಷಗಳೇ ಆಗಿದ್ದವು. ಅಂಗಳದಲ್ಲಿ ಒಂದೇ ಜಿಗಿತಕ್ಕೆ ಟೆಂಪೊ ಹತ್ತಿದಳು.

ಹೊಲದಲ್ಲಿ ಆಳುಗಳು ಸಸಿ ನೆಟ್ಟರು. ನೆಟ್ಟು ಮುಗಿಯುವುದರೊಳಗೆ ಮೊದಲ ಸಾಲು ವಾಲಿತು. ನೀರು ಕೊಟ್ಟರು, ಇನ್ನೂ ವಾಲಿತು. ನೋಡನೋಡುತ್ತ ಇಡೀ ಪಟ್ಟಿ ಮಣ್ಣಿನ ಮೇಲೆ ಮಲಗಿಬಿಟ್ಟಿತು. ಬಾಡಿರಲಿಲ್ಲ, ಎಲೆ ಹಸಿರಾಗೇ ಇತ್ತು. ತಮ್ಮ ತಲೆಯನ್ನು ತಾವೇ ಹೊರಲಾಗದೆ ಮಲಗಿದ್ದವು.

"ಏನವಾ ತಂಗಿ ಇದು," ಎಂದರು ಹನುಮಂತಗೌಡರು. "ಮೊದಲು ನಿನ್ನ ಸಸಿ ತಲಿಕೆಳಗ ಹುಟ್ಟತಿದ್ದುವು. ಈಗ ಹುಟ್ಟಿ ಮಲಗತಾವು."

ದಾಕ್ಷಾಯಣಿ ಉತ್ತರ ಕೊಡುವ ಮೊದಲೇ ಹಿಂದಿನಿಂದ ಧೊಪ್ಪೆಂದು ಸದ್ದಾಯಿತು. ಟೆಂಪೊದಿಂದ ಇಳಿಯಲು ಹೋದ ಫಕೀರವ್ವ ಎರಡು ಕಾಲೂ ಊರಲಾಗದೆ, ಬದುವಿನ ಮೇಲೆ, ಮಲಗಿದ ಸಸಿಗಳ ಪಕ್ಕದಲ್ಲಿ ಕುಸಿದು ಕೂತಿದ್ದಳು. ಕೊಟ್ರೇಶಿ ಎತ್ತಲು ಹೋದ. ಕಾಲು ನಡುಗುತ್ತಿದ್ದವೇ ಹೊರತು ನಿಲ್ಲಲಿಲ್ಲ. ಹೋದ ವರ್ಷ ನೋವಿದ್ದರೂ ಹೆಗಲು ಹಿಡಿದು ನಿಲ್ಲುತ್ತಿದ್ದ ಹೆಂಗಸು ಈಗ ನೋವಿಲ್ಲದೆಯೂ ನಿಲ್ಲಲಾರಳು.

ದಾಕ್ಷಾಯಣಿ ಸಸಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಸಸಿಮನೆ ಹೋದರೆ ಹೋಗಲಿ, ಈ ಮುದುಕಿಯನ್ನು ತಾನೇ ಮೊದಲ ಹೂಂ ಹೇಳಿ ಹೀಗೆ ಮಾಡಿದೆನಲ್ಲ ಎನಿಸಿತು.

*

"ಹೊರೋದಕ್ಕೆ ಏನೂ ಇಲ್ಲದಿದ್ರೆ ಕಾಂಡ ಯಾಕೆ ಗಟ್ಟಿ ಆಗ್ತದೆ ಅಕ್ಕ," ಎಂದಳು ಲವಿನಾ. ಈ ಸಲ ಅವಳೇ ಮನೆಗೆ ಬಂದಿದ್ದಳು. "ಕಾಲೂ ಅಷ್ಟೆ."

"ಇದನ್ನ ಯುಗಾದಿಗೇ ಹೇಳಬೇಕಾಗಿತ್ತು ನೀವು."

"ಯಾರೂ ಕೇಳ್ಲಿಲ್ಲ. ನಮಗೂ ಗೊತ್ತಿರಲಿಲ್ಲ."

"ನೆಲಾ ಬಂದ್ ಮಾಡಸ್ತೀನಿ."

ಕೋಣೆಯೊಳಗಿಂದ ಫಕೀರವ್ವ ಕೂಗಿದಳು. "ಮಾಡಿಸಿದ್ರ ನಾ ಹಾಸಿಗಿ ಹಿಡೀತೀನಿ. ನಾ ಗೆರಿ ದಾಟೂದಿಲ್ಲ, ಯಾರೂ ದಾಟಸಬ್ಯಾಡ್ರಿ, ಇಲ್ಲೇ ಹಿಂಗ ಇದ್ದುಬಿಡತೀನಿ."

ಅವಳು ಹೇಳಿದ್ದೂ ನಿಜವೇ. ಒಮ್ಮೆಲೇ ಪೂರ್ತಿ ಭಾರ ಹಾಕಿದರೆ ಹೊಲದಲ್ಲಿ ಆದದ್ದೇ ಮನೆಯಲ್ಲೂ ಆಗುತ್ತದೆ. ದಾಕ್ಷಾಯಣಿ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂತಲ್ಲೇ ಅವಳಿಗೆ ತನ್ನ ಕಸುಬು ನೆನಪಾಯಿತು. ನೆರಳಲ್ಲಿ ಬೆಳೆದ ಸಸಿಯನ್ನು ಯಾರೂ ಸೀದಾ ಹೊಲಕ್ಕೆ ಕಳಿಸುವುದಿಲ್ಲ. ದಿನಕ್ಕಿಷ್ಟು ಎಂದು ಬಿಸಿಲಿಗಿಟ್ಟು, ನೀರು ಕಡಿಮೆ ಮಾಡಿ, ಗಾಳಿಗೆ ಒಡ್ಡಿ ಗಟ್ಟಿ ಮಾಡಿಯೇ ಕಳಿಸುತ್ತಾರೆ. ಬಿಸಿಲಿಗೆ ಮಾಡುವುದನ್ನು ಭಾರಕ್ಕೆ ಮಾಡಿದರಾಯಿತು. ಆರಿದ್ರಾಕ್ಕೆ ಇನ್ನೂ ಸ್ವಲ್ಪ ದಿನವಿತ್ತು.

ಮಾರನೆಯ ಬೆಳಿಗ್ಗೆ ಅವಳು ಟ್ರೇಗಳನ್ನು ಹಳದಿ ಗೆರೆಯಾಚೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ ಒಂದು ಕುರ್ಚಿ ಹಾಕಿದಳು. ಒಳಗೆ ಹೋಗಿ ಅತ್ತೆಯ ಕೈ ಹಿಡಿದಳು.

"ಒಲ್ಲೆ," ಎಂದಳು ಫಕೀರವ್ವ.

"ಏಳ್ರಿ."

"ಕೊಲ್ಲತೀಯೇನ ನನ್ನ?"

"ಇವತ್ತ ಅಲ್ಲ. ಏಳ್ರಿ ಸುಮ್ಮ."

ಮೊದಲ ದಿನ ಕುರ್ಚಿಯಲ್ಲಿ ಕೂತದ್ದಷ್ಟೇ. ಸಸಿಗಳು ವಾಲಿದವು, ಫಕೀರವ್ವ ಹಿಡಿಶಾಪ ಹಾಕಿದಳು, ಇಬ್ಬರನ್ನೂ ಒಳಗೆ ತಂದಳು. ಮರುದಿನ ಇನ್ನಷ್ಟು ಹೊತ್ತು. ಆಮೇಲೆ ಕುರ್ಚಿ ಹಿಡಿದು ಏಳುವುದು, ಕೂರುವುದು. ದಾಕ್ಷಾಯಣಿ ಬೆಳಿಗ್ಗೆಯೆಲ್ಲ ಒಂದು ಕೈಯಿಂದ ಸಸಿಗಳ ತಲೆ ಸವರಿ ಅಲ್ಲಾಡಿಸುತ್ತ, ಇನ್ನೊಂದು ಕೈಯಿಂದ ಅತ್ತೆಯ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಒಳಗಿನ ಅಂಗಳದಿಂದ ಮುದುಕಿಯರು, ಎಂಥಾ ಸೊಸಿ ಸಿಕ್ಕಾಳ ಪಾಪ, ಬಿಸಲಾಗ ನಿಂದ್ರಸತಾಳ ಎಂದು ಕೇಳಿಸುವ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಮಾಬುಸಾಬ ಗೋದಾಮಿನ ಬಾಗಿಲಿಂದ ನೋಡಿ, ತಲೆಯಾಡಿಸಿ ಒಳಗೆ ಹೋಗುತ್ತಿದ್ದ.

"ಸಸಿಗೆ ಒಂದ ಮಾತು ಬೈಯೂದಿಲ್ಲ ನೀ," ಎಂದಳು ಫಕೀರವ್ವ ಒಂದು ದಿನ, ಬೆವರು ಒರೆಸಿಕೊಳ್ಳುತ್ತ. "ನನಗ ಮಾತ್ರ ಮುಂಜಾನಿಂದ ಬೈಯಾಕತ್ತಿ."

"ಸಸಿ ಎದರು ಮಾತಾಡೂದಿಲ್ಲರಿ."

ಮುದುಕಿಗೆ ನಗು ಬಂತು. ನಗುವಾಗ ಕುರ್ಚಿ ಬಿಟ್ಟಿದ್ದಳು, ಬಿಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ. ದಾಕ್ಷಾಯಣಿಗೆ ಗೊತ್ತಾಯಿತು. ಅವಳು ಬೇಕೆಂದೇ ಟ್ರೇ ಕಡೆ ಮುಖ ತಿರುಗಿಸಿಕೊಂಡು ನಿಂತಳು, ಕಣ್ಣಲ್ಲಿ ನೀರು ಬಂದದ್ದು ಕಂಡರೆ ನಾಳೆಯಿಂದ ಈ ಹೆಂಗಸು ಮಾತು ಕೇಳುವುದಿಲ್ಲ ಎಂದು.

*

ಹನುಮಂತಗೌಡರು ಸಸಿ ನೋಡಲು ಕೊನೆಯ ಸಲ ಬರುತ್ತೇನೆಂದ ದಿನ ಮಧ್ಯಾಹ್ನವೇ ಮೋಡ ಕಟ್ಟಿತು. ಗಾಳಿ ಎದ್ದಿತು. ದೊಡ್ಡದೊಂದು ಸಿಡಿಲು ಬಡಿದು ಕರೆಂಟು ಹೋಯಿತು. ಗೋದಾಮಿನ ಜನರೇಟರು ಶುರುವಾಗಿ, ಎರಡು ಸಲ ಕೆಮ್ಮಿ, ನಿಂತುಹೋಯಿತು. ಲವಿನಾ ಅಪಾಯದ ಗಂಟೆ ಒತ್ತಿದಳು. ಉಂಗುರಗಳು ನಿಧಾನಕ್ಕೆ ನಿಲ್ಲುತ್ತಿದ್ದುದರಿಂದ ಹೊತ್ತ ಚೀಲ ಇಳಿಸುವಷ್ಟು ಸಮಯ ಸಿಕ್ಕಿತು, ಯಾರ ಮೇಲೂ ಏನೂ ಬೀಳಲಿಲ್ಲ. ಆದರೆ ಚೀಲ ಇಳಿದ ಮೇಲೆ ಮೈಯ ಭಾರ ಬಂತು.

ಎದೆಯೆತ್ತಿ ನಡೆಯುತ್ತಿದ್ದ ಹಮಾಲರೆಲ್ಲ ಚೀಲಗಳ ನಡುವೆ ಕುಸಿದು ಕೂತರು. ಮಾಬುಸಾಬ ಏಳಲು ನೋಡಿ, ಎರಡೂ ಕೈ ಊರಿ, ಮತ್ತೆ ಕೂತ. ಲವಿನಾ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದಳು. ಅಂಗಳದ ಮುದುಕಿಯರು ಗೋಡೆಗೆ ಒರಗಿ ದೇವರ ಹೆಸರು ಹೇಳತೊಡಗಿದರು. ಕೊಟ್ರೇಶಿಯೂ ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕೂತಿದ್ದ.

ದಾಕ್ಷಾಯಣಿ ಕೋಣೆಗೆ ಓಡಿದಳು. ಓಡಿದಳೆಂದರೆ ಕಾಲೆಳೆದುಕೊಂಡು ಹೋದಳು. ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಳಗೆ ಸಸಿಗಳೆಲ್ಲ ಒಮ್ಮೆ ಬಾಗಿ ಎದ್ದು, ಗಾಳಿ ಬಂದ ಹಾಗೆ ಅತ್ತಿತ್ತ ಆಡುತ್ತ, ತಮ್ಮ ಕಾಲ ಮೇಲೆ ತಾವು ನಿಂತಿದ್ದವು.

ಹೊರಗೆ ಬಂದಾಗ ಹನುಮಂತಗೌಡರ ಟ್ರ್ಯಾಕ್ಟರು ರಸ್ತೆಯಲ್ಲಿ ನಿಂತಿತ್ತು. ಗೌಡರು ಇಳಿಯುವುದನ್ನೂ ಮರೆತು ನೋಡುತ್ತಿದ್ದರು. ಇಡೀ ಬೀದಿ ಕೂತಿತ್ತು, ನಡುವೆ ಒಬ್ಬಳೇ ಫಕೀರವ್ವ ಕೋಲೂರಿ ನಿಂತಿದ್ದಳು. ಕೈಯಲ್ಲಿ ನೀರಿನ ತಂಬಿಗೆ. ಒಬ್ಬೊಬ್ಬರ ಹತ್ತಿರ ಹೋಗಿ ಬಗ್ಗಿ ನೀರು ಕೊಡುತ್ತ, ಸೊಸೆಯಿಂದ ಕಲಿತ ಬೈಗುಳಗಳನ್ನು ಒಂದೂ ಬಿಡದೆ ಹಂಚುತ್ತಿದ್ದಳು.

"ಏಳ್ರಿ ಸುಮ್ಮ," ಎನ್ನುತ್ತಿದ್ದಳು ಮಾಬುಸಾಬನಿಗೆ. "ಗಂಡಸಾಗಿ ಹಿಂಗ ಕುಂತೀಯಲ್ಲೊ."

ಹನುಮಂತಗೌಡರು ಕೋಣೆಗೆ ಹೋಗಿ ಸಸಿ ನೋಡಿದರು. ಒಂದನ್ನು ಬೆರಳಿನಿಂದ ಬಗ್ಗಿಸಿ ಬಿಟ್ಟರು. ಅದು ಎದ್ದು ನಿಂತಿತು. "ಎಲ್ಲಾ ಹೇರು," ಎಂದರು.

*

ಆಮೇಲಿನ ವಾರ ಕಂಪನಿಯವರು ಒಪ್ಪಿಗೆ ಕೇಳಲು ಬಂದರು. ನೆಲ ಮತ್ತೆ ಶುರುವಾಗಿತ್ತು. ಬೀದಿಯೆಲ್ಲ ದಾಕ್ಷಾಯಣಿಯ ಬಾಯಿ ನೋಡುತ್ತಿತ್ತು. ಮುಂಜಾನೆ ಒಂದಿಷ್ಟು ಹೊತ್ತು ಎಲ್ಲರೂ ಗೆರೆಯಾಚೆ ಬಂದು ನಿಲ್ಲುವುದಾದರೆ ಹೂಂ, ಇಲ್ಲದಿದ್ದರೆ ಒಲ್ಲೆ, ಎಂದಳು. ಬಂದವರು ಇಂಥ ಷರತ್ತಿಗೆ ತಮ್ಮ ಒಪ್ಪಿಗೆ ಪತ್ರದಲ್ಲಿ ಜಾಗವಿಲ್ಲ ಎಂದರು. ಹಾಗಾದರೆ ಒಲ್ಲೆ ಎಂದಳು. ಅವರು ಜಾಗ ಮಾಡಿಕೊಂಡರು.

ಈಗ ದಿನಾ ಬೆಳಿಗ್ಗೆ ಹಳದಿ ಗೆರೆಯಾಚೆಯ ಆ ಸಣ್ಣ ಪಟ್ಟಿಯಲ್ಲಿ ಹಮಾಲರು, ಮುದುಕಿಯರು, ಲವಿನಾ, ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಫಕೀರವ್ವ ಕೋಲು ಹಿಡಿದು ಮೇಲ್ವಿಚಾರಣೆ ಮಾಡುತ್ತಾಳೆ. ನೋವು, ಬಿಸಿಲು, ಹೊತ್ತಾಯಿತು ಎಂದು ಒಬ್ಬೊಬ್ಬರದೂ ಒಂದೊಂದು ದೂರು. ಟ್ರೇ ಇಡಲು ಕಾಲಿಡುವಷ್ಟೂ ಜಾಗ ಉಳಿದಿಲ್ಲ.

"ಸರೀರಿ ಸ್ವಲ್ಪ," ಎಂದಳು ದಾಕ್ಷಾಯಣಿ ಇಂದೂ, ಟ್ರೇ ಎತ್ತಿಕೊಂಡು ಗೆರೆ ದಾಟುತ್ತ. ಯಾರೂ ಸರಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಮಾಬುಸಾಬ ಕಾಲು ನೋವೆಂದ, ಅತ್ತೆ ಏನೋ ಅಂದಳು, ಅದಕ್ಕೆ ಲವಿನಾ ನಕ್ಕಳು. ದಾಕ್ಷಾಯಣಿಗೆ ರೇಗಿಹೋಯಿತು. ಕೈಯಲ್ಲಿದ್ದ ಟ್ರೇಯನ್ನು ಮೆಲ್ಲಗೆ ಅತ್ತೆಯ ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿದ್ದ ಖಾಲಿ ಬಕೀಟು ಎತ್ತಿ ಗೆರೆಯಾಚೆಯ ನೆಲಕ್ಕೆ ಕುಕ್ಕಿದಳು.

ಢಣಾರ್ ಎಂದು ಸದ್ದಾಯಿತು. ಎಲ್ಲರೂ ಸರಿದು ಜಾಗ ಬಿಟ್ಟರು. ಯುಗಾದಿಯಿಂದ ಇಷ್ಟು ಸಮಾಧಾನ ಅವಳಿಗೆ ಆಗಿರಲಿಲ್ಲ. ಬಕೀಟು ಎತ್ತಿ ಇನ್ನೊಮ್ಮೆ ಕುಕ್ಕಿದಳು.